ಸಹಾಯ ಬೇಕು: ಹಾಕಿಂಗ್ ವಿಕಿರಣವನ್ನು ಮಕ್ಕಳಿಗೆ ಹೇಗೆ ವಿವರಿಸೋದು?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹೈಸ್ಕೂಲ್ ಮಕ್ಕಳ ಮುಂದೆ ಕಪ್ಪುಕುಳಿಗಳ ಬಗ್ಗೆ, ಅದರಲ್ಲೂ ಅವು ಹೊರಸೂಸುವ ಹಾಕಿಂಗ್ ವಿಕಿರಣದ ಬಗ್ಗೆ ಮಾತಾಡಬೇಕಿದೆ. ಭೌತಶಾಸ್ತ್ರ ಓದಿದವರು ದಯವಿಟ್ಟು ನೆರವಾಗಿ.

ಇತಿಹಾಸದ ಭಾಗ ಸಿದ್ಧವಿದೆ. ನನಗೆ ತುಂಬಾ ಇಷ್ಟವಾದದ್ದೂ ಅದೇ. 1972ರಲ್ಲಿ ಜೇಕಬ್ ಬೆಕೆನ್‌ಸ್ಟೈನ್ ಇನ್ನೂ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿ. ಕಪ್ಪುಕುಳಿಗೂ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಇದೆ, ಮೇಲ್ಮೈ ದೊಡ್ಡದಾದಷ್ಟೂ ಅದು ಜಾಸ್ತಿ ಎಂದರು. ಬ್ರಿಟನ್ನಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಒಪ್ಪಲಿಲ್ಲ. ಎಂಟ್ರೊಪಿ ಇದ್ದರೆ ಬಿಸಿ ಇರಬೇಕು, ಬಿಸಿ ಇದ್ದರೆ ವಿಕಿರಣ ಹೊರಬರಬೇಕು, ಅಲ್ವಾ? ಕಪ್ಪುಕುಳಿಯಿಂದ ಏನೂ ಹೊರಬರಲ್ಲ ಅಂತಲೇ ಆಗ ಎಲ್ಲರ ನಂಬಿಕೆ. 1973ರಲ್ಲಿ ಹಾಕಿಂಗ್ ಮಾಸ್ಕೋಗೆ ಹೋದರು. ತಿರುಗುವ ಕಪ್ಪುಕುಳಿ ಕಣಗಳನ್ನು ಹೊರಸೂಸುತ್ತದೆ ಎಂದು ಸೋವಿಯತ್ ಭೌತವಿಜ್ಞಾನಿಗಳಾದ ಜೆಲ್ಡೊವಿಚ್ ಮತ್ತು ಸ್ಟಾರೊಬಿನ್‌ಸ್ಕಿ ಅಲ್ಲಿ ವಿವರಿಸಿದರು. ಹಾಕಿಂಗ್ ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕಿದರು. ನೋಡಿದರೆ ತಿರುಗದೆ ಇರುವ ಕಪ್ಪುಕುಳಿಯೂ ಸೂಸುತ್ತಿದೆ! ಒಪ್ಪದವರ ಲೆಕ್ಕವೇ ಬೆಕೆನ್‌ಸ್ಟೈನ್ ಮಾತನ್ನು ಗೆಲ್ಲಿಸಿತು. 1974ರ ಮಾರ್ಚ್ 1ರಂದು ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಸಿಕ್ಕಿಕೊಂಡಿರೋದು ಮುಂದೆ. ಕಪ್ಪುಕುಳಿಯ ಅಂಚಿನಲ್ಲಿ ಜೋಡಿ ಕಣ ಹುಟ್ಟುತ್ತವೆ, ಒಂದು ಒಳಗೆ ಬೀಳುತ್ತದೆ, ಇನ್ನೊಂದು ಪಾರಾಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಈ ಚಿತ್ರವನ್ನು ಅಕ್ಷರಶಃ ತಗೋಬೇಡಿ ಎಂದು ಹಾಕಿಂಗ್ ಅವರೇ 1975ರ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಅವರ ಲೆಕ್ಕ ನಡೆದದ್ದು ಅಲೆಗಳ ಮೇಲೆ. ನಕ್ಷತ್ರ ಕುಸಿಯುವಾಗ ಅದರ ಮೂಲಕ ಹಾದು ಬಂದ ಅಲೆಗಳು ಹೇಗೆ ಬದಲಾಗುತ್ತವೆ ಅನ್ನೋದೇ ಅದರ ತಿರುಳು. ಸುಲಭ ಅಂತ ಮಕ್ಕಳಿಗೆ ಅರ್ಧ ಸತ್ಯ ಹೇಳೋಕೆ ಮನಸ್ಸು ಬರ್ತಿಲ್ಲ.

ಸೂತ್ರ ಇಲ್ಲದೆ ಒಂಬತ್ತನೇ ಕ್ಲಾಸಿನವರಿಗೆ ಅಲೆಗಳ ಕಥೆ ಹೇಳೋದು ಹೇಗೆ? ಪಾಠ ಮಾಡಿ ಅನುಭವ ಇರುವವರು ನಾಲ್ಕು ಸಾಲು ಬರೆದರೂ ಸಾಕು. ಕನ್ನಡದಲ್ಲಿ ಒಳ್ಳೆಯ ಲೇಖನ ಇದ್ದರೆ ಅದನ್ನೂ ಕಳಿಸಿ.