ಅವಳಿ ಅಕ್ಕನ ಪರೀಕ್ಷೆ, ನನ್ನ ಫಲಿತಾಂಶ

ಪ್ರಶ್ನೆ:
ನಾನೂ ಅಕ್ಕನೂ ತದ್ರೂಪಿ ಅವಳಿಗಳು. ಅಪ್ಪನಿಗೆ ಹಂಟಿಂಗ್ಟನ್ ಕಾಯಿಲೆ ಇತ್ತು, ಮಿದುಳನ್ನು ನಿಧಾನವಾಗಿ ಹಾಳುಮಾಡುವ, ಜೀನ್ ಮೂಲಕ ಮಕ್ಕಳಿಗೂ ಬರಬಹುದಾದ ಕಾಯಿಲೆ. ಸುಮ್ನೆ ಕೂತಿದ್ದರೂ ಬೆರಳುಗಳು ಆಡುತ್ತಲೇ ಇರುತ್ತಿದ್ದವು. ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಕೊನೆಕೊನೆಗೆ ನೀರು ನುಂಗುವುದೂ ಕಷ್ಟವಾಯಿತು. ನಮಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನಿಗೆ ಮಗು ಬೇಕು, ಅದಕ್ಕೇ ಜೀನ್ ಪರೀಕ್ಷೆ ಮಾಡಿಸಬೇಕು ಅಂತಾಳೆ. ನನಗೆ ಗೊತ್ತಾಗುವುದೇ ಬೇಡ. ಆದರೆ ಅವಳ ಫಲಿತಾಂಶವೇ ನನ್ನದೂ, ಅಲ್ವಾ? ಬೇಡ ಅನ್ನುವ ಹಕ್ಕು ನನಗಿದೆಯಾ?

ಉತ್ತರ 1:
ತಿಳಿಯದೆ ಇರುವ ಹಕ್ಕು ಖಂಡಿತ ನಿಮಗಿದೆ. ತಿಳಿಯುವ ಹಕ್ಕು ಅಕ್ಕನಿಗೂ ಇದೆ. ಈ ಜೀನ್ ಸಿಕ್ಕಿದ್ದು 1993ರಲ್ಲಿ. ಅಂದಿನಿಂದ ಪರೀಕ್ಷೆ ಸುಲಭವಾಗಿದೆ, ಕಾಯಿಲೆ ವಾಸಿ ಮಾಡುವ ಮದ್ದು ಮಾತ್ರ ಇನ್ನೂ ಇಲ್ಲ. ಇಬ್ಬರೂ ಒಟ್ಟಿಗೆ ಜೆನೆಟಿಕ್ ಕೌನ್ಸೆಲರ್ (ಇಂಥ ಪರೀಕ್ಷೆಗಳ ಬಗ್ಗೆ ಸಲಹೆ ಕೊಡುವ ತಜ್ಞರು) ಹತ್ತಿರ ಹೋಗಿ, ರಕ್ತ ಕೊಡುವುದಕ್ಕೆ ಮುಂಚೆಯೇ.

ಉತ್ತರ 2:
ಇನ್ನೊಂದು ದಾರಿಯೂ ಇದೆ. ಐವಿಎಫ್ ಮಾಡಿ, ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸಿ, ಮಗುವಿನ ಅಜ್ಜನಿಂದ, ಅಂದರೆ ನಿಮ್ಮ ಅಪ್ಪನಿಂದ, ಬಂದ ಆ ಜೀನ್ ಇರುವ ಭಾಗ ಇಲ್ಲದ ಭ್ರೂಣವನ್ನಷ್ಟೇ ಆರಿಸಬಹುದು. ಅಕ್ಕನ ಫಲಿತಾಂಶ ಯಾರಿಗೂ ತಿಳಿಯುವುದಿಲ್ಲ. ಆದರೆ ಅಜ್ಜನಿಂದ ಬಂದ ಆ ಭಾಗದಲ್ಲಿ ದೋಷವೇ ಇಲ್ಲದ, ಆರೋಗ್ಯವಾಗಿರುವ ಭ್ರೂಣಗಳನ್ನೂ ಬಿಡಬೇಕಾಗಬಹುದು. ಅದು ನನಗೆ ಕಷ್ಟದ ಮಾತು.

ಉತ್ತರ 3:
ಭ್ರೂಣದ ಜೀನನ್ನೇ ತಿದ್ದಿಸುವ ಯೋಚನೆ ಮಾತ್ರ ಬೇಡ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಹಾಗೆ ಮಾಡಿದ್ದು ಬಯಲಾಗಿ, ಆಮೇಲೆ ಜೈಲಿಗೆ ಹೋದರು. ಆ ಬದಲಾವಣೆ ಮುಂದಿನ ಪೀಳಿಗೆಗೂ ಹೋಗುತ್ತದೆ. ಆ ಪೀಳಿಗೆಯವರನ್ನು ಕೇಳಿದವರು ಯಾರು?

ಪ್ರಶ್ನೆ ಕೇಳಿದವರು:
ಎರಡನೇ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನನ್ನು ಕೇಳದೆ ರಕ್ತ ಕೊಡಲ್ಲ" ಅಂದಳು. ಕೌನ್ಸೆಲರ್ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ.