1967ರ ಎಂಜಿಬಿಗೆ ರಿಮೋಟ್ ಬ್ರೇಕ್ ಸರ್ವೊ: ಎಲ್ಲಿ ಕೂರಿಸೋದು, ಪೈಪ್ ಹೇಗೆ ಎಳೆಯೋದು?

ಹಳೇಗಾಲಿ:
ಎಲ್ಲರಿಗೂ ನಮಸ್ಕಾರ. ಗಾಡಿ ಇರೋದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. 1967ರ ಎಂಜಿಬಿ ರೋಡ್‌ಸ್ಟರ್, ಅಂದ್ರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಬಲಗಡೆ ಸ್ಟೀರಿಂಗ್, ಸಿಂಗಲ್ ಸರ್ಕ್ಯೂಟ್ (ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್), ಸರ್ವೊ (ಎಂಜಿನ್ ವ್ಯಾಕ್ಯೂಮಿನಿಂದ ಬ್ರೇಕಿಗೆ ಬಲ ಕೊಡೋ ಸಾಧನ) ಇಲ್ಲ. ಬ್ರೇಕ್ ಹಿಡಿಯುತ್ತೆ, ಆದ್ರೆ ಪೆಡಲ್ ತುಂಬಾ ಗಟ್ಟಿ. ಲಾಕ್‌ಹೀಡ್ ಮಾದರಿಯ 1.9:1 (ಒತ್ತಡವನ್ನು 1.9 ಪಟ್ಟು ಮಾಡೋ) ರಿಮೋಟ್ ಸರ್ವೊ, ಅಂದ್ರೆ ಪೆಡಲಿಂದ ದೂರ ಪೈಪಿನ ನಡುವೆ ಕೂರೋ ಸರ್ವೊ ಕಿಟ್ ತರಿಸಿದ್ದೀನಿ. ಯಾವ ಲೈನಿಗೆ ಸೇರಿಸಬೇಕು, ಹೇಗೆ ಕೂರಿಸಬೇಕು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲೂಯಿಡಿಗೆ ಒತ್ತಡ ಕೊಡೋದು) ಬದಲಾಯಿಸಬೇಕಾ?

ಸ್ಪ್ಯಾನರ್‌ರಾಯ:
ಮಾಸ್ಟರ್ ಸಿಲಿಂಡರ್ ಮುಟ್ಟಬೇಡಿ, ಇರೋ 3/4 ಇಂಚಿಂದೇ ಸಾಕು. ಸಿಂಗಲ್ ಸರ್ಕ್ಯೂಟ್ ಆದ್ದರಿಂದ ಕೆಲಸ ಸುಲಭ. ಮಾಸ್ಟರಿಂದ ಹೊರಟ ಪೈಪು ಮುಂದಿನ, ಹಿಂದಿನ ಚಕ್ರಗಳಿಗೆ ಕವಲೊಡೆಯೋ ಯೂನಿಯನ್‌ಗೆ ಹೋಗುತ್ತಲ್ಲ, ಆ ಪೈಪಿನ ನಡುವೆ ಸರ್ವೊ ಬರಬೇಕು. ಆಗ ನಾಲ್ಕೂ ಚಕ್ರಕ್ಕೆ ಒಂದೇ ಪ್ರಮಾಣದಲ್ಲಿ ಒತ್ತಡ ಏರುತ್ತೆ, ಹಿಂದೆ ಮುಂದೆ ಹೊಂದಾಣಿಕೆ ಕೆಡಲ್ಲ.

ಜಾಗ: ಪ್ರಯಾಣಿಕರ ಕಡೆ, ಬಾನೆಟ್ ಒಳಗೆ ಹಿಂಭಾಗದಲ್ಲಿ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಅದೇ ಕಡೆ ಇರೋದು, ಹಾಗಾಗಿ ಪೈಪು, ಹೋಸು ಎರಡನ್ನೂ ಅದರಿಂದ ದೂರ ಇಡಿ. ಹೈಡ್ರಾಲಿಕ್ ಔಟ್‌ಲೆಟ್ ಇರೋ ತುದಿ ಮೇಲಕ್ಕೆ ವಾಲಿರಬೇಕು. ಸಮತಟ್ಟಾಗೋ ತಲೆಕೆಳಗಾಗೋ ಕೂರಿಸಿದ್ರೆ ಸರ್ವೊದ ಸ್ಲೇವ್ ಸಿಲಿಂಡರಿನಲ್ಲಿ (ಚಕ್ರಗಳ ಕಡೆಗೆ ಒತ್ತಡ ಕಳಿಸೋ ಭಾಗ) ಗಾಳಿ ಸಿಕ್ಕಿಕೊಳ್ಳುತ್ತೆ, ಎಷ್ಟು ಬ್ಲೀಡ್ ಮಾಡಿದ್ರೂ (ಲೈನಿಂದ ಗಾಳಿ ಹೊರಹಾಕಿದ್ರೂ) ಪೆಡಲ್ ಸ್ಪಂಜಿನ ಹಾಗೇ ಇರುತ್ತೆ. ಎಷ್ಟು ವಾಲಬೇಕು ಅನ್ನೋದು ಕಿಟ್ ಜೊತೆಗಿನ ಹಾಳೆಯಲ್ಲಿರುತ್ತೆ, ಅದನ್ನೇ ಅನುಸರಿಸಿ.

ಪೈಪಿಗೆ 3/16 ಇಂಚಿನ ತಾಮ್ರ-ನಿಕ್ಕಲ್ ಟ್ಯೂಬ್ ತಗೊಳ್ಳಿ. ಫ್ಲೇರ್ ಮಾಡೋ (ಟ್ಯೂಬಿನ ತುದಿ ಅಗಲಿಸೋ) ಮುಂಚೆ ನಟ್ ಏರಿಸಿ (ಹಳೇ ಕೈಗಳೂ ಮರೆಯೋದು ಇದನ್ನೇ). ಪೋರ್ಟಿನ ತಳ ನೋಡಿಕೊಳ್ಳಿ: ಉಬ್ಬಿದ ಕೋನ ಇದ್ರೆ ಡಬಲ್ ಫ್ಲೇರ್ (ತುದಿ ಒಳಕ್ಕೆ ಮಡಚಿದ್ದು), ಒಳಕ್ಕೆ ತಗ್ಗಿದ್ರೆ ಬಬಲ್ ಫ್ಲೇರ್ (ತುದಿ ಗುಂಡಗೆ ಉಬ್ಬಿದ್ದು). ಇದು ಅದಲುಬದಲಾದ್ರೆ ಎಷ್ಟು ಬಿಗಿ ಮಾಡಿದ್ರೂ ಜಿನುಗುತ್ತೆ. ಥ್ರೆಡ್ಡೂ ಪರೀಕ್ಷಿಸಿ. 3/8 ಯುಎನ್‌ಎಫ್ (ಇಂಚಿನ ಥ್ರೆಡ್) ನಟ್ ಎಂ10 (ಮೆಟ್ರಿಕ್) ಪೋರ್ಟಿಗೆ ಸಲೀಸಾಗಿ ಹೋಗುತ್ತೆ, ಸರಿಯಾಗಿ ಕೂತ ಹಾಗೇ ಅನ್ನಿಸುತ್ತೆ. ಆದ್ರೆ ಹಿಡಿತ ಇರಲ್ಲ, ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತೆ. ಮೊದಲು ಬೆರಳಲ್ಲೇ ತಿರುಗಿಸಿ ನೋಡಿ, ಅಲುಗಾಡಿದ್ರೆ ನಟ್ ಬೇರೆ.

ವ್ಯಾಕ್ಯೂಮನ್ನು ಇನ್‌ಲೆಟ್ ಮ್ಯಾನಿಫೋಲ್ಡಿಂದ ನಾನ್-ರಿಟರ್ನ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡೋದು) ಮೂಲಕ ತಗೊಳ್ಳಿ. ಹೋಸ್ ಸರ್ವೊದಿಂದ ಮ್ಯಾನಿಫೋಲ್ಡ್ ಕಡೆಗೆ ಇಳಿಜಾರಾಗಿ ಬರಲಿ, ನಡುವೆ ಜೋತು ಬಿದ್ರೆ ಪೆಟ್ರೋಲ್ ಆವಿ ಅಲ್ಲಿ ದ್ರವವಾಗಿ ನಿಂತು ಕೊನೆಗೆ ಸರ್ವೊ ಡಯಾಫ್ರಾಮಿಗೆ ತಲುಪುತ್ತೆ. ಹೋಸ್ ವ್ಯಾಕ್ಯೂಮಿಗೆ ಅಂತಲೇ ಮಾಡಿದ್ದಾಗಿರಬೇಕು, ಹೀಟರ್ ಹೋಸ್ ಹೀರಿಕೊಂಡು ಚಪ್ಪಟೆಯಾಗುತ್ತೆ.

ಡ್ರಮ್‌ಡಿಸ್ಕ್:
ರಾಯರು ಹೇಳಿದ್ದೆಲ್ಲ ಸರಿ, ಆದ್ರೆ ಒಂದು ತಕರಾರು. ಸರ್ವೊ ಕಾಲಿನ ಶ್ರಮ ಇಳಿಸುತ್ತೆ ಅಷ್ಟೆ, ಗಾಡಿ ನಿಲ್ಲೋ ದೂರ ಕಮ್ಮಿ ಮಾಡಲ್ಲ. ಚಕ್ರ ಲಾಕ್ ಆಗೋವಷ್ಟು ಬಲ ಈಗಲೇ ಬರ್ತಿದ್ರೆ ಉಳಿದಿದ್ದು ಟೈರಿನ ಹಿಡಿತ. ಮೊದಲು ಪ್ಯಾಡ್ ನೋಡಿ. ರೇಸಿಂಗಿಗೆ ಅಂತ ಮಾಡಿದ ಗಟ್ಟಿ ಪ್ಯಾಡ್ ಯಾರೋ ಹಾಕಿದ್ರೆ ತಣ್ಣಗಿದ್ದಾಗ ಹಿಡಿಯೋದೇ ಇಲ್ಲ, ದಿನಬಳಕೆಯ ಮೆದು ಪ್ಯಾಡ್ ಹಾಕಿದ್ರೆ ಅರ್ಧ ತೊಂದರೆ ಹೋಗುತ್ತೆ. ಹಿಂದಿನ ಡ್ರಮ್ ಶೂಗಳನ್ನು ಅಡ್ಜಸ್ಟರಲ್ಲಿ ಸರಿಯಾಗಿ ಹತ್ತಿರ ತನ್ನಿ. ಸರ್ವೊ ಸೇರಿದ್ಮೇಲೆ ಪೆಡಲ್ ಓಟ ಸ್ವಲ್ಪ ಜಾಸ್ತಿನೇ ಆಗುತ್ತೆ, ಶೂ ಸಡಿಲ ಬಿಟ್ರೆ ಆಗ ಎದ್ದು ಕಾಣುತ್ತೆ.

ಹಳೇಗಾಲಿ:
ಪ್ಯಾಡ್ ನೋಡ್ತೀನಿ, ಥ್ಯಾಂಕ್ಸ್. ಮುಂದೆ ಡ್ಯುಯಲ್ ಸರ್ಕ್ಯೂಟ್ ಮಾಡಿಸೋ ಆಲೋಚನೆ ಇದೆ. ಇದೇ ಸರ್ವೊ ನಡೆಯುತ್ತಾ? ಬ್ಲೀಡಿಂಗ್ ಹೇಗೆ?

ಸ್ಪ್ಯಾನರ್‌ರಾಯ:
ಒಂದೇ ಲೈನಿನ ಸರ್ವೊ ಒಂದೇ ಸರ್ಕ್ಯೂಟಿಗೆ ಬಲ ಕೊಡೋದು. ಡ್ಯುಯಲ್ ಆದ್ಮೇಲೆ ಬರೀ ಮುಂದಿನ ಸರ್ಕ್ಯೂಟಿಗೆ ಹಾಕೋರಿದ್ದಾರೆ, ಆದ್ರೆ ಮುಂದೆ-ಹಿಂದೆ ಸಮತೋಲನ ಬದಲಾಗುತ್ತೆ, ನಾನಂತೂ ಒಪ್ಪಲ್ಲ. ಎರಡು ಸರ್ವೊ ಬೇಕು, ಇಲ್ಲಾ ಪೆಡಲ್ ಬಾಕ್ಸಿಗೇ ನೇರವಾಗಿ ಕೂರೋದು ಬೇಕು. ನಿಜವಾಗ್ಲೂ ಮಾಡಿಸ್ತೀರಿ ಅಂತಾದ್ರೆ ಈ ಕಿಟ್ ಈಗ ಹಾಕೋದು ದಂಡ.

ಬ್ಲೀಡಿಂಗ್ ಯಾವಾಗಲೂ ಎಂಜಿನ್ ಆಫ್. ಮೊದಲು ಪೆಡಲ್ ಐದಾರು ಸಲ ತುಳಿದು ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ. ಡಾಟ್ 4 ಫ್ಲೂಯಿಡ್ ಹಾಕಿ, ದೂರದ ಚಕ್ರದಿಂದ ಹತ್ತಿರದ್ದಕ್ಕೆ ಬನ್ನಿ, ಪೆಡಲ್ ನಿಧಾನವಾಗಿ ಒತ್ತಿ. ಮುಗಿದ ಮೇಲೆ ಪೆಡಲನ್ನು ಬಲವಾಗಿ ಎರಡು ನಿಮಿಷ ಹಿಡಿದಿಟ್ಟು ಒಂದೊಂದು ಜಾಯಿಂಟನ್ನೂ ಬಿಳಿ ಕಾಗದದಿಂದ ಒರೆಸಿ ನೋಡಿ. ಆಮೇಲೆ ಸರ್ವೊ ಪರೀಕ್ಷೆ: ಎಂಜಿನ್ ಆಫ್‌ನಲ್ಲಿ ಮತ್ತೆ ಐದಾರು ಸಲ ತುಳಿದು, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದ್ರೆ ಸರ್ವೊ ಕೆಲಸ ಮಾಡ್ತಿದೆ.

ಗ್ಯಾಸ್ಕೆಟ್:
ಮುಂದಕ್ಕೆ ಏನು ಕೆಡುತ್ತೆ ಅಂತ ಸೇರಿಸ್ತೀನಿ. ರಿಸರ್ವಾಯರ್ ಮಟ್ಟ ಇಳೀತಿದೆ, ಹೊರಗೆಲ್ಲೂ ಸೋರಿಕೆ ಇಲ್ಲ, ಸೈಲೆನ್ಸರಿಂದ ಬಿಳಿ ಹೊಗೆ: ಸ್ಲೇವ್ ಸೀಲ್ ಹೋಗಿದೆ, ಫ್ಲೂಯಿಡನ್ನು ಎಂಜಿನ್ ಹೀರಿಕೊಳ್ಳುತ್ತಿದೆ. ವ್ಯಾಕ್ಯೂಮ್ ಹೋಸ್ ಬಿಚ್ಚಿ, ತೇವ ಇದ್ರೆ ಖಾತ್ರಿ. ಗಾಡಿ ನಿಲ್ಲಿಸಿ ಸೀಲ್ ಕಿಟ್ ಹಾಕಿಸಿ. ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡ್ರೆ ಸರ್ವೊದ ಏರ್ ವಾಲ್ವ್ ಪಿಸ್ಟನ್ ಅಂಟಿದೆಯಾ ನೋಡಿ. ಐಡಲ್ ಏರುಪೇರಾದ್ರೆ ಹೋಸ್ ಜಾಯಿಂಟಲ್ಲಿ ಗಾಳಿ ಎಳೀತಿದೆ. ವ್ಯಾಕ್ಯೂಮ್ ಪೂರ್ತಿ ಹೋದ್ರೂ ಬ್ರೇಕ್ ಇದ್ದೇ ಇರುತ್ತೆ, ಈಗಿನ ಹಾಗೇ ಗಟ್ಟಿ ಪೆಡಲ್ ಸಿಗುತ್ತೆ.

ಇನ್ಶೂರೆನ್ಸಿನವರಿಗೆ ಮಾರ್ಪಾಡು ತಿಳಿಸೋದು ಮರೀಬೇಡಿ.