ಬಿಲ್ಲಿಗೆ ಕೂತವರ ಎದುರು ಹುಲಿ ಬಂದರೆ: ಅಜ್ಜ ಎದ್ದು ನಿಂತದ್ದು ಸರಿಯಾ?

ಕಾನುಮನೆ ಕೇಳಿದ್ದು:

ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ತೀರಿಕೊಂಡು ಆರು ವರ್ಷ ಆಯಿತು. ಅವರು ಮಳೆಗಾಲದಲ್ಲಿ ಒಲೆ ಮುಂದೆ ಕೂತು ಹೇಳುತ್ತಿದ್ದ ಒಂದು ವಿಷಯ ನನಗೆ ಇವತ್ತಿಗೂ ಬಗೆಹರಿದಿಲ್ಲ. ತಿಳಿದವರು ಇದ್ದರೆ ಹೇಳಿ.

1965ರ ಸುಮಾರು. ಆಗ ಈಗಿನ ಕಾನೂನು ಇರಲಿಲ್ಲ. ಗದ್ದೆಗೆ ಹಂದಿ ಬಿದ್ದು ಪೈರೆಲ್ಲ ಹಾಳಾಗಿತ್ತು ಅಂತ ಊರಿನ ಹದಿನೈದು ಜನ ಸೇರಿ ಹೊರಟಿದ್ದಾರೆ. ಅರ್ಧ ಜನ ಹಳು ನುಗ್ಗಲಿಕ್ಕೆ, ಅಂದರೆ ಪೊದೆಕಾಡಿಗೆ ನುಗ್ಗಿ ಗದ್ದಲ ಮಾಡಿ ಪ್ರಾಣಿ ಎಬ್ಬಿಸಲಿಕ್ಕೆ. ಉಳಿದವರು ಬಿಲ್ಲಿಗೆ, ಅಂದರೆ ಅದು ಹೊರಬರುವ ಕಡೆ ಕೋವಿ ಹಿಡಿದು ಕಾದು ಕೂರಲಿಕ್ಕೆ. ಅಜ್ಜನಿಗೆ ಸಿಕ್ಕಿದ್ದು ಹಳ್ಳದ ಪಕ್ಕದ ಕಂಡಿ, ಪ್ರಾಣಿ ನುಸುಳಿ ಬರುವ ದಾರಿ. ನಂದಿ ಮರಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದರಂತೆ, ಕೈಯಲ್ಲಿ ಕೇಪಿನ ಕೋವಿ. ಒಂದೇ ಈಡು. ಅದು ತಪ್ಪಿದರೆ ಮತ್ತೆ ಮಸಿ ತುಂಬಿ, ಗಜದಲ್ಲಿ ಜಡಿದು, ಕೇಪು ಇಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆ ಕಡೆಯಿಂದ ಡಬ್ಬ ಬಡಿಯುವ ಸದ್ದು, ಕೂಗು ಶುರುವಾಯಿತು. ಮೊದಲು ಎರಡು ಕಾಡುಕೋಳಿ ಹಾರಿ ಹೋದವು. ಆಮೇಲೆ ಒಂದು ಕಾಡುಕುರಿ ಬೊಗಳುತ್ತಾ ದಾಟಿತು. ಆಮೇಲೆ ಏನೂ ಇಲ್ಲ. ಹಂದಿ ಬಂದರೆ ತರಗೆಲೆ ಸದ್ದಾಗಬೇಕು, ಅದೂ ಇಲ್ಲ. ಅಜ್ಜನ ಕುತ್ತಿಗೆಯಲ್ಲಿ ಒಂದು ಉಂಬಳ ಹತ್ತುತ್ತಿತ್ತಂತೆ, ತೆಗೆಯಲಿಕ್ಕೆ ಕೈ ಎತ್ತಬೇಕು ಅನ್ನುವಾಗ ಎದುರಿಗೆ ಹುಲಿ. "ಓಡಿ ಬರಲಿಲ್ಲ ಮಾರಾಯ, ಸಂತೆಗೆ ಹೊರಟವರ ಹಾಗೆ ನಡೆದು ಬಂತು" ಅನ್ನುತ್ತಿದ್ದರು.

ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿತು. ಅಜ್ಜನನ್ನು ನೋಡಿತು. ಕಿವಿ ತಿರುಗಿಸಿತು, ಕಿವಿ ಹಿಂದಿನ ಬಿಳಿ ಮಚ್ಚೆ ಎದುರಿನಿಂದಲೇ ಕಾಣಿಸಿತು. ಆಗ ಅಜ್ಜ ಮಾಡಿದ್ದೇನು ಅಂದರೆ, ಕೋವಿ ಎತ್ತಲಿಲ್ಲ, ಕೂತಲ್ಲೇ ಉಳಿಯಲೂ ಇಲ್ಲ, ಮರಕ್ಕೆ ಬೆನ್ನು ಉಜ್ಜಿಕೊಂಡು ಮೆಲ್ಲಗೆ ಎದ್ದು ನಿಂತರು. ಹುಲಿ ಒಂದು ಸಲ ಗುರ್ ಅಂದು, ಪಕ್ಕಕ್ಕೆ ತಿರುಗಿ ಹಳ್ಳಕ್ಕೆ ಇಳಿದು ಹೋಯಿತು.

ಅವತ್ತು ಊರಲ್ಲಿ ಅಜ್ಜನನ್ನು ಹೆದರುಪುಕ್ಕಲ ಅಂದರಂತೆ. ಅವರಿಗೆ ಆ ಮಾತು ಕೊನೆವರೆಗೂ ನೋವು ಕೊಟ್ಟಿತ್ತು. ನನ್ನ ಪ್ರಶ್ನೆ ಇಷ್ಟೇ: ಅಲ್ಲಾಡದೆ ಕೂತಿದ್ದರೆ ಅದು ಸುಮ್ನೆ ದಾಟಿ ಹೋಗುತ್ತಿತ್ತಲ್ವಾ? ಎದ್ದು ನಿಂತದ್ದು ಯಾಕೆ?

ಹಳುವಿನವ ಉತ್ತರ:

ನಿಮ್ಮ ಅಜ್ಜನಿಗೆ ಹೆದರುಪುಕ್ಕಲ ಅಂದವರು ಹಳು ನುಗ್ಗಿದವರಾಗಿರಲಿಕ್ಕಿಲ್ಲ. ನಮ್ಮಪ್ಪ ಶೃಂಗೇರಿ ಕಡೆ ಸುಮಾರು ವರ್ಷ ಹಳು ನುಗ್ಗಿದವರು, ಕೋವಿ ಹಿಡಿದವರಲ್ಲ. ಅವರ ಕಡೆಯಿಂದ ಹೇಳುತ್ತೇನೆ.

ಗದ್ದಲ ಕೇಳಿದ ಕೂಡಲೇ ಮೊದಲು ಜಾಗ ಖಾಲಿ ಮಾಡುವುದೇ ಹುಲಿ. ಹಂದಿ ಕೊನೆವರೆಗೂ ಪೊದೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ನಾಯಿ ಮೈಮೇಲೆ ಬಿದ್ದಾಗ ಎದ್ದು ನುಗ್ಗುತ್ತದೆ. ಹುಲಿ ಹಾಗಲ್ಲ. ಜನ ಎಲ್ಲಿದ್ದಾರೆ ಅಂತ ಕಿವಿಯಲ್ಲೇ ಅಳೆದು, ಸದ್ದಿಲ್ಲದೆ ಮುಂದೆ ಮುಂದೆ ನಡೆಯುತ್ತದೆ. ಅದಕ್ಕೆ ಗೊತ್ತಿರುವ ದಾರಿ ಅಂದರೆ ಅದೇ ಕಂಡಿ. ಬಿಲ್ಲು ಹಾಕುವುದೂ ಅದೇ ಕಂಡಿಗೆ. ಸದ್ದು ಮಾಡದೆ, ಗಾಳಿಗೆ ಎದುರಾಗಿ, ವಾಸನೆ ಸಿಗದ ಹಾಗೆ ಒಬ್ಬ ಮನುಷ್ಯ ಅಲ್ಲಿ ಕೂತಿರುತ್ತಾನೆ. ಅಲ್ಲಿ ಮನುಷ್ಯ ಇದ್ದಾನೆ ಅಂತ ಹುಲಿಗೆ ಗೊತ್ತಾಗುವ ಎಲ್ಲ ದಾರಿಯನ್ನೂ ಅವನೇ ಮುಚ್ಚಿಟ್ಟಿದ್ದಾನೆ. ಇನ್ನು ಎದುರುಬದುರಾಗದೆ ಏನಾಗುತ್ತದೆ?

ಕುಕ್ಕರಗಾಲಲ್ಲಿ ಕೂತವನು ಹುಲಿಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ಎತ್ತರ ಇಲ್ಲ. ಕರುವೋ ಜಿಂಕೆಯೋ ಅನ್ನುವಷ್ಟು ಗಾತ್ರ ಅಷ್ಟೇ. ದೂರದಲ್ಲೇ ಇದ್ದರೆ ಅಲ್ಲಾಡದೆ ಇರುವುದೇ ಒಳ್ಳೆಯದು. ಆದರೆ ಕಿವಿ ಹಿಂದಿನ ಬಿಳಿ ಮಚ್ಚೆ ಎದುರಿನಿಂದ ಕಂಡಿತು ಅಂದಿರಲ್ಲ, ಅಂದರೆ ಅದು ಆಗಲೇ ನೋಡಿಯಾಗಿತ್ತು, ಸಿಟ್ಟೂ ಬಂದಿತ್ತು. ಕಿವಿ ಹಾಗೆ ತಿರುಚಿದರೆ ಮುಂದೆ ಬರಬೇಡ ಅಂತ ಅರ್ಥ. ಆಗ ಎದ್ದು ನಿಂತರೆ ಇದು ಮನುಷ್ಯ ಅಂತ ಅದಕ್ಕೆ ಗೊತ್ತಾಗುತ್ತದೆ. ಮೆಲ್ಲಗೆ ಎದ್ದದ್ದು, ಬೆನ್ನು ತೋರಿಸದೆ ಇದ್ದದ್ದು, ಓಡದೆ ಇದ್ದದ್ದು, ಮೂರೂ ಸರಿ.

ಇನ್ನು ಕೋವಿ ಎತ್ತದ ವಿಷಯ. ಹಂದಿಗೆ ಅಂತ ತುಂಬಿದ ಒಂದು ಈಡಲ್ಲಿ ಹುಲಿ ಅಲ್ಲೇ ಬೀಳುವುದು ಅಪರೂಪ. ಗಾಯ ಆದ ಹುಲಿ ಎಲ್ಲಿಗೆ ಹೋಗುತ್ತದೆ ಹೇಳಿ? ಬಂದ ದಾರಿಯಲ್ಲೇ ವಾಪಸ್ಸು, ಹಳುವಿನ ಒಳಗೆ. ಅಲ್ಲಿ ಕತ್ತಿ, ದೊಣ್ಣೆ, ಡಬ್ಬ ಹಿಡಿದ ಏಳೆಂಟು ಜನ ಬರುತ್ತಿರುತ್ತಾರೆ. ನಮ್ಮಪ್ಪನಿಗೆ ಆದದ್ದು ಇದೇ, ಹುಲಿಯಿಂದಲ್ಲ, ಕಿರುಬನಿಂದ, ಅಂದರೆ ಚಿರತೆಯಿಂದ. ಬಿಲ್ಲಿಗೆ ಕೂತವನೊಬ್ಬ ಚರೆ ಈಡು ಹೊಡೆದು, ತಾಗಿದ್ದು ಗೊತ್ತಿದ್ದರೂ ಬಾಯಿ ಬಿಡಲಿಲ್ಲ. ಅಪ್ಪ ಕುರುಂಬಿನ ಎಲೆ ಮೇಲೆ ಒಂದು ಹನಿ ರಕ್ತ ನೋಡಿ ಬಗ್ಗಿದರು. ಬಗ್ಗಿದಲ್ಲೇ ಅದು ಮೇಲೆ ಬಿತ್ತು. ಭುಜದಿಂದ ಮೊಣಕೈವರೆಗೆ ನಾಲ್ಕು ಗೀರು, ಸಾಯುವವರೆಗೂ ಆ ಕೈ ತಲೆಯಿಂದ ಮೇಲೆ ಏಳಲಿಲ್ಲ. ನಿಮ್ಮ ಅಜ್ಜನ ಹಾಗೆ ಒಬ್ಬ ಅವತ್ತು ಬಿಲ್ಲಿನಲ್ಲಿ ಇರಬೇಕಿತ್ತು.

ಒಂದು ಕೇಳಬೇಕು. ಆಮೇಲೆ ಆ ಹಳುವಿನಲ್ಲಿ ಏನಾದರೂ ಸಿಕ್ಕಿತಾ? ಹಗಲು ಹೊತ್ತು ಹುಲಿ ಅಷ್ಟು ಹೊತ್ತು ಜಾಗ ಬಿಡದೆ ಇತ್ತು, ಹೋಗುವಾಗಲೂ ಗುರ್ ಅಂತು ಅಂದರೆ ಅದು ತಿಂದು ಬಿಟ್ಟ ಪ್ರಾಣಿ ಹತ್ತಿರದಲ್ಲೇ ಇದ್ದಿರಬೇಕು.

ತೋಟದ ಬಾಗಿಲು ಉತ್ತರ:

ನಾನು ದಕ್ಷಿಣ ಕೊಡಗಿನವನು. ನಮ್ಮ ಭಾಷೆ ಕೊಡವ ತಕ್ಕ್‌ನಲ್ಲಿ ಹುಲಿಗೆ ನರಿ ಅನ್ನುತ್ತೇವೆ. ಹಿಂದೆ ಹುಲಿ ಹೊಡೆದವನಿಗೆ ನರಿ ಮಂಗಲ ಅಂತಲೇ ಮಾಡುತ್ತಿದ್ದರು. ಮದುಮಗನ ಹಾಗೆ ಕುಪ್ಯ ಚೇಲೆ (ಉದ್ದ ಅಂಗಿ, ಸೊಂಟಪಟ್ಟಿ) ತೊಡಿಸಿ ಕೂರಿಸಿ, ಹುಲಿಯನ್ನು ಪಕ್ಕದಲ್ಲೇ ತೂಗುಹಾಕಿ, ನೆಂಟರೆಲ್ಲ ಅಕ್ಕಿ ಹಾಕಿ ಹರಸುವುದು. ಅಷ್ಟು ಮರ್ಯಾದೆ ಯಾಕೆ ಅಂದರೆ ಬದುಕಿ ಬರುವುದೇ ದೊಡ್ಡದಾಗಿತ್ತು. ಅದೆಲ್ಲ 1972ರ ವನ್ಯಜೀವಿ ಕಾಯ್ದೆಗೂ ಮೊದಲಿನ ಮಾತು. ಈಗ ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ತೊಳೆದು, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ನಮಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, ಬೇಟೆಗೆ ಇಲ್ಲ. ಹಂದಿ ಹೊಡೆದರೂ ಕೇಸೇ.

ಹಳುವಿನವ ಹೇಳಿದ ಬಗ್ಗುವ ವಿಷಯ ನೂರಕ್ಕೆ ನೂರು ನಿಜ. 2021ರಲ್ಲಿ ನಮ್ಮ ಕಡೆ ತೋಟಗಳಲ್ಲಿ ಹುಲಿ ಜನರನ್ನು ಕೊಂದಾಗಿನಿಂದ ನಾವು ಕೆಲಸದವರನ್ನು ಒಬ್ಬೊಬ್ಬರನ್ನೇ ಕಳಿಸುವುದಿಲ್ಲ. ಕಾಫಿ ಗಿಡದ ಬುಡ ಬಿಡಿಸುವವರು, ಉದುರಿದ ಕಾಫಿ ಹೆಕ್ಕುವವರು ಗಂಟೆಗಟ್ಟಲೆ ಬಗ್ಗಿಯೇ ಇರುತ್ತಾರೆ, ಅದೂ ಗಿಡದ ನೆರಳಲ್ಲಿ. ಒಬ್ಬರು ನಿಂತು ಸುತ್ತ ನೋಡುತ್ತಾ ಮಾತಾಡುತ್ತಾ ಇರಬೇಕು ಅಂತ ಮಾಡಿದ್ದೇವೆ. ಕೂಲಿ ಒಬ್ಬರದು ಜಾಸ್ತಿ ಆಗುತ್ತದೆ, ಆಗಲಿ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿ ಅಂತ ಲೆಕ್ಕ ಬಂತು. ಎದುರಾಗುವುದು ಇನ್ನು ಬೇಟೆಗಾರರಿಗೆ ಮಾತ್ರ ಅಲ್ಲ.

ಬಂಡೆಸಾಲು ಉತ್ತರ:

ಎದ್ದು ನಿಲ್ಲುವುದು ಹುಲಿಗೆ ಸರಿ ಇರಬಹುದು, ಅದನ್ನೇ ಎಲ್ಲ ಕಡೆ ಮಾಡಬೇಡಿ. ನಮ್ಮದು ಕೊಪ್ಪಳ ಜಿಲ್ಲೆ, ನಮಗೆ ಕರಡಿ ಕಾಟ.

ನಮ್ಮ ಮಾವ ಹುಡುಗರಿದ್ದಾಗ ಯುಗಾದಿ ಮರುದಿನ ಊರವರ ಜೊತೆ ಮೊಲದ ಬೇಟೆಗೆ ಹೋಗಿದ್ದರು. ಎರಡು ಬಂಡೆ ನಡುವಿನ ಸಂದಿಗೆ ಮೊಲ ಹೋಯಿತು ಅಂತ ಕೋಲು ತೂರಿಸಿದ್ದಾರೆ. ಒಳಗೆ ಕರಡಿ ಮಲಗಿತ್ತು. ಬಿಸಿಲು ಹೊತ್ತಲ್ಲಿ ಕರಡಿ ಅಂಥಾ ತಂಪು ಸಂದಿಯಲ್ಲೇ ಮಲಗುವುದು. ಅದಕ್ಕೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ, ಮೂಗು ಮಾತ್ರ ಚುರುಕು. ನಾವು ಕಾಲಬುಡಕ್ಕೆ ಬರುವವರೆಗೂ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದ ಕೂಡಲೇ ಹೆದರಿ ಮೇಲೆ ಬೀಳುತ್ತದೆ. ಹುಲಿಯ ಹಾಗೆ ನೋಡುತ್ತಾ ನಿಲ್ಲುವ ಮಾತೇ ಇಲ್ಲ. ಬೀಳುವುದೂ ಮುಖಕ್ಕೇ. ಮಾವನ ಎಡಗಣ್ಣು ಹೋಯಿತು, ಕೆನ್ನೆಗೆ ಹೊಲಿಗೆ ಹಾಕಿದ ಜಾಗದಲ್ಲಿ ಇವತ್ತಿಗೂ ಗಡ್ಡ ಬರುವುದಿಲ್ಲ.

ನಮ್ಮಲ್ಲಿ ಹಿರಿಯರು ಹೇಳುವುದು: ಬಂಡೆ ಹತ್ತಿರ ಹೋಗುವಾಗ ಕೆಮ್ಮುತ್ತಾ, ಮಾತಾಡುತ್ತಾ ಹೋಗಿ. ದೂರದಲ್ಲಿ ಕಂಡರೆ ಮೆಲ್ಲಗೆ ಹಿಂದೆ ಸರಿಯಿರಿ. ಮೇಲೆ ಬಿದ್ದೇಬಿಟ್ಟಿತು ಅಂದರೆ ಬೋರಲು ಮಲಗಿ, ಎರಡೂ ಕೈ ಕುತ್ತಿಗೆ ಹಿಂದೆ ಕಟ್ಟಿ, ಮುಖ ಮಣ್ಣಿಗೆ ಒತ್ತಿ. ಮೊಲದ ಬೇಟೆ ಈಗಲೂ ಕೆಲವರು ಕದ್ದು ಮಾಡುತ್ತಾರೆ. ಅವರು ಸದ್ದು ಮಾಡುವ ಹಾಗೇ ಇಲ್ಲವಲ್ಲ, ನನಗೆ ಅದೇ ಭಯ. ದಯವಿಟ್ಟು ಹೋಗಬೇಡಿ.

ಮೊಂಟಾನಾ ಕನ್ನಡಿಗ ಉತ್ತರ:

ಓದಿ ಮೈ ಜುಮ್ಮೆಂದಿತು. ನಾನು ಇರುವ ಕಡೆ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ, ಪರವಾನಗಿ ಇರಬೇಕು ಅಷ್ಟೇ. ಸೆಪ್ಟೆಂಬರಿನಲ್ಲಿ ಬಿಲ್ಲುಬಾಣದಲ್ಲಿ ಎಲ್ಕ್ ಹೊಡೆಯುತ್ತಾರೆ, ನಮ್ಮ ಕಡವೆಗಿಂತ ದೊಡ್ಡ ಜಿಂಕೆ ಅದು. ನಾನು ಹೊಡೆಯುವುದಿಲ್ಲ, ಸ್ನೇಹಿತನ ಜೊತೆ ಮಾಂಸ ಹೊರಲಿಕ್ಕೆ ಹೋಗುತ್ತೇನೆ.

ಹಳುವಿನವರು ಹೇಳಿದ್ದು ಇಲ್ಲಿಗೂ ಅಕ್ಷರ ಅಕ್ಷರ ಹೊಂದುತ್ತದೆ. ಎಲೆ ಬಣ್ಣದ ಬಟ್ಟೆ ಹಾಕಿ, ಗಾಳಿಗೆ ಎದುರಾಗಿ, ಹೆಣ್ಣು ಎಲ್ಕ್ ಕೂಗಿದ ಹಾಗೆ ಪೀಪಿ ಊದುತ್ತಾರೆ. ಆ ಕೂಗು ಕೇಳಿ ಗಂಡು ಎಲ್ಕ್ ಮಾತ್ರ ಬರುವುದಿಲ್ಲವಲ್ಲ. ಚಳಿಗಾಲಕ್ಕೆ ಮೊದಲು ಗ್ರಿಜ್ಲಿ ಕರಡಿ ಕೊಬ್ಬು ಕೂಡಿಸಿಕೊಳ್ಳಲು ದಿನದ ಬಹುಪಾಲು ತಿನ್ನುತ್ತಲೇ ಇರುತ್ತದೆ. ನಮಗೆ ಬಂದದ್ದು ಬೆಳಗಿನ ಜಾವ, ಇನ್ನೂ ಮಂಜು ಇತ್ತು. ಮೊದಲು ಕಂಡದ್ದು ಭುಜದ ಮೇಲಿನ ಡುಬ್ಬ. ಸ್ನೇಹಿತ ಪೀಪಿ ಬಾಯಿಂದ ತೆಗೆದು, ಮಾಮೂಲಿ ದನಿಯಲ್ಲಿ ಮಾತಾಡಲು ಶುರು ಮಾಡಿದ, ನಾನು ಸೊಂಟದಿಂದ ಕರಡಿ ಸ್ಪ್ರೇ ತೆಗೆದು ಕ್ಲಿಪ್ ಬಿಚ್ಚಿದೆ. ಅದರ ಖಾರ ಹೋಗುವುದು ಸುಮಾರು 30 ಅಡಿ. ಅಲ್ಲಿವರೆಗೆ ಅದು ಬರುವುದನ್ನು ಕಾಯುವುದಿದೆಯಲ್ಲ, ಆ ಹೊತ್ತು ನನಗೆ ಇವತ್ತಿಗೂ ಕನಸಲ್ಲಿ ಬರುತ್ತದೆ. ಮಾತು ಕೇಳಿ ಅದು ನಿಂತಿತು, ಮೂಗು ಮೇಲೆತ್ತಿತು, ತಿರುಗಿ ಹೋಯಿತು. ಸ್ಪ್ರೇ ಚೀಲದ ಒಳಗಿದ್ದರೆ ಇದ್ದೂ ಇಲ್ಲದ ಹಾಗೆ, ಇಷ್ಟು ಮಾತ್ರ ನೆನಪಿಡಿ.

ಬೇಟೆ ಸಿಕ್ಕಮೇಲೆ ಅಪಾಯ ಇನ್ನೂ ಜಾಸ್ತಿ. ಕರುಳು ತೆಗೆದ ಜಾಗದಿಂದ ಮಾಂಸವನ್ನು ಬೇಗ ದೂರ ಸಾಗಿಸಬೇಕು. ಇಬ್ಬರಲ್ಲಿ ಒಬ್ಬ ಕತ್ತರಿಸುವಾಗ ಇನ್ನೊಬ್ಬ ನಿಂತು ಕಾಯಬೇಕು. ಕೊಡಗಿನವರು ತೋಟದಲ್ಲಿ ಮಾಡಿದ್ದೂ ಅದೇ ಅಲ್ವಾ.

ಕಾನುಮನೆ ಮತ್ತೆ:

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ತುಂಬಾ ಸಮಾಧಾನ ಆಯಿತು. ಹಳುವಿನವರ ಪ್ರಶ್ನೆ ಓದಿ ನಿನ್ನೆ ರಾತ್ರಿ ಚಿಕ್ಕಜ್ಜನಿಗೆ ಫೋನ್ ಮಾಡಿದೆ. ಅವರು ಅವತ್ತು ಹಳು ನುಗ್ಗಿದವರಲ್ಲಿ ಎಲ್ಲರಿಗಿಂತ ಚಿಕ್ಕವರು, ಹದಿಮೂರು ವರ್ಷ. ಸಿಕ್ಕಿತ್ತಂತೆ. ಅಜ್ಜನ ಕಂಡಿಯಿಂದ ಒಂದು ಕೂಗಿನಷ್ಟು ಒಳಗೆ, ವಾಟೆ ಮೆಳೆಯ ಕೆಳಗೆ ಅರ್ಧ ತಿಂದ ಗಂಡು ಕಡವೆ, ಮೇಲೆ ತರಗೆಲೆ ಎಳೆದು ಮುಚ್ಚಿತ್ತು. ಚಿಕ್ಕಜ್ಜ ಅದರ ಕೊಂಬು ಎಡವಿಯೇ ಬಿದ್ದದ್ದಂತೆ. ಹುಲಿ ಅಲ್ಲಿಂದ ಎದ್ದು ಹೋಗಿ ಎಷ್ಟು ಹೊತ್ತಾಗಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ಮಲಗಿದ್ದ ಜಾಗಕ್ಕೆ ಅಂಗೈ ಊರಿ ಎದ್ದೆ, ನೆಲ ಬೆಚ್ಚಗಿತ್ತು" ಅಂದರು. ಅಣ್ಣ ಅವತ್ತು ಈಡು ಹೊಡೆದಿದ್ದರೆ ಅದು ವಾಪಸ್ಸು ಬರುತ್ತಿದ್ದದ್ದು ಅಲ್ಲಿಗೇ ಅಂತ ಅವರಿಗೆ ಆಗಲೇ ಗೊತ್ತಿತ್ತಂತೆ. ದೊಡ್ಡವರ ಎದುರು ಹೇಳಲು ಬಾಯಿ ಬರಲಿಲ್ಲವಂತೆ.